ಸ್ತೆಫಾನೊ ದಿ ಬತ್ತೀಸ್ತಾ ಅವರ ಧ್ವನಿಮುದ್ರಿಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರೋಮ್ ನಗರದ ಆಲ್ಟೊ ಸ್ಯಾಕ್ಸೊಫೋನ್ ವಾದಕ ಸ್ತೆಫಾನೊ ದಿ ಬತ್ತೀಸ್ತಾ ಅವರ ಆಲ್ಬಮ್‌ಗಳ ಬಗ್ಗೆ ಸ್ನೇಹಿತರು ಮತ್ತು ಹೊಸ ಕೇಳುಗರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದಿದ್ದೇನೆ. ಸಾಲಾಗಿ ಓದಬೇಕೆಂದೇನೂ ಇಲ್ಲ. ಆದರೆ ಈ ಸಂಗೀತಕ್ಕೆ ಪೂರ್ತಿ ಹೊಸಬರಾದವರು ಮೊದಲ ಮೂರು ಉತ್ತರಗಳನ್ನು ಓದಿಕೊಂಡು ಮುಂದೆ ಹೋದರೆ ಒಳ್ಳೆಯದು.

ಸ್ತೆಫಾನೊ ದಿ ಬತ್ತೀಸ್ತಾ ಯಾರು?

ಅವರು 1969ರಲ್ಲಿ ರೋಮ್‌ನಲ್ಲಿ ಹುಟ್ಟಿದರು. 13ನೇ ವಯಸ್ಸಿನಲ್ಲಿ, ಬಡಾವಣೆಯ ಹುಡುಗರೇ ತುಂಬಿದ್ದ ಬ್ಯಾಂಡೊಂದರಲ್ಲಿ ಸ್ಯಾಕ್ಸೊಫೋನ್ ಕೈಗೆತ್ತಿಕೊಂಡ ಅವರಿಗೆ ಅಮೆರಿಕದ ಆಲ್ಟೊ ವಾದಕ ಆರ್ಟ್ ಪೆಪ್ಪರ್ ಅವರ ವಾದನ ಕೇಳಿದ ಮೇಲೆ ಜಾಝ್ ಬಿಟ್ಟು ಬೇರೆ ದಾರಿ ಕಾಣಲಿಲ್ಲ. ಆರ್ಟ್ ಪೆಪ್ಪರ್ ಮತ್ತು ಅಮೆರಿಕದ ಇನ್ನೊಬ್ಬ ಆಲ್ಟೊ ವಾದಕ ಕ್ಯಾನನ್‌ಬಾಲ್ ಆಡರ್ಲಿ ದೂರದಿಂದ ಕಲಿಸಿದ ಗುರುಗಳಾದರೆ, ಹತ್ತಿರದಲ್ಲೇ ಇದ್ದ ಗುರುವೆಂದರೆ ರೋಮ್‌ನವರೇ ಆದ ಮಾಸ್ಸಿಮೊ ಊರ್ಬಾನಿ. 1957ರಲ್ಲಿ ಹುಟ್ಟಿ 1993ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡ ಊರ್ಬಾನಿ ಇಟಲಿಯ ಆಲ್ಟೊ ವಾದಕರ ನಡುವೆ ಇಂದಿಗೂ ಗೌರವದಿಂದ ನೆನೆಯುವ ಹೆಸರು. ಪೆರೂಜಾ ನಗರದ ಸಂಗೀತ ಕಾಲೇಜಿನಲ್ಲಿ ಶಾಸ್ತ್ರೀಯ ಕ್ರಮದ ಕಲಿಕೆಯನ್ನೂ ದಿ ಬತ್ತೀಸ್ತಾ ಮುಗಿಸಿದ್ದಾರೆ. ಅವರ ಸ್ವರದ ಶುದ್ಧಿಯಲ್ಲಿ ಆ ಕಲಿಕೆ ಕೇಳಿಸುತ್ತದೆ, ನುಡಿಸಾಣಿಕೆಯ ಬಿಸಿಯಲ್ಲಿ ಊರ್ಬಾನಿ ಕೇಳಿಸುತ್ತಾರೆ.

1990ರ ದಶಕದ ಆರಂಭದಲ್ಲಿ ಅವರು ಪ್ಯಾರಿಸ್‌ಗೆ ಬಂದು ಅಲ್ಲಿನ ಕ್ಲಬ್ಬುಗಳಲ್ಲಿ ನುಡಿಸಿದರು. ಲೊರಾಂ ಕ್ಯೂನಿ ಮುನ್ನಡೆಸುತ್ತಿದ್ದ ಫ್ರಾನ್ಸಿನ ರಾಷ್ಟ್ರೀಯ ಜಾಝ್ ಆರ್ಕೆಸ್ಟ್ರಾದಲ್ಲೂ ಇದ್ದರು. ಇಟಲಿಯ ವಾದಕರಾದರೂ ಅವರ ಮುಖ್ಯ ಧ್ವನಿಮುದ್ರಿಕೆಗಳು ಫ್ರಾನ್ಸಿನ ನಂಟಿನಿಂದಲೇ ಹುಟ್ಟಿದವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಹಲವು ಹೆಸರುಗಳು ಎಲ್ಲಿಂದ ಬಂದವೆಂಬುದು ತಾನಾಗಿ ತಿಳಿಯುತ್ತದೆ.

ಅವರು ನುಡಿಸುವುದು ಯಾವ ಸ್ಯಾಕ್ಸೊಫೋನ್? ಕಿವಿಯಿಂದಲೇ ಗುರುತಿಸುವುದು ಹೇಗೆ?

ಹೆಚ್ಚಾಗಿ ಆಲ್ಟೊ, ಆಗಾಗ ಸೊಪ್ರಾನೊ. ಆಲ್ಟೊ ಎಂದರೆ ಕೊರಳಿನಲ್ಲಿ ಬಾಗಿ, ಕೆಳಗೆ ಮತ್ತೆ ಮೇಲಕ್ಕೆ ತಿರುಗಿ ಬಾಯ್ದೆರೆದ ವಾದ್ಯ. ಸೊಪ್ರಾನೊ ಸಾಮಾನ್ಯವಾಗಿ ನೇರವಾಗಿರುತ್ತದೆ, ಅದರ ಶ್ರುತಿ ಆಲ್ಟೊಗಿಂತ ಮೇಲಿನದು. ಕನ್ನಡದ ಕೇಳುಗರಿಗೆ ಆಲ್ಟೊ ಹೊಸದೇನೂ ಅಲ್ಲ, ಏಕೆಂದರೆ ಬಂಟ್ವಾಳದ ಸಜೀಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡದ್ದು ಇದೇ ವಾದ್ಯವನ್ನು. ಆದರೆ ಕದ್ರಿಯವರ ವಾದನದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕವೇ ಜೀವವಾಗಿರುತ್ತದೆ. ದಿ ಬತ್ತೀಸ್ತಾ ಅವರಲ್ಲಿ ಒಂದೊಂದು ಸ್ವರವೂ ಬಿಡಿಯಾಗಿ, ನಾಲಿಗೆಯ ತುದಿಯಿಂದ ಮುಟ್ಟಿ ಬಿಟ್ಟಂತೆ ಹೊರಬರುತ್ತದೆ. ಜಾರುವಿಕೆ ವಾಕ್ಯದ ಕೊನೆಯಲ್ಲಿ, ಉಸಿರು ಮುಗಿಯುವ ಹೊತ್ತಿಗೆ, ಸ್ವಲ್ಪವೇ ಸ್ವಲ್ಪ ಬರುತ್ತದೆ.

ಇದನ್ನು ಹತ್ತಿರದಿಂದ ಗಮನಿಸಬೇಕಾದರೆ ನಿಧಾನ ಗತಿಯ ಒಂದು ರಚನೆಯನ್ನು ಹೆಡ್‌ಫೋನಿನಲ್ಲಿ ಕೇಳಿ. ಸ್ವರ ಹುಟ್ಟುವುದಕ್ಕೆ ಸ್ವಲ್ಪ ಮೊದಲು, ಬಾಯಿಗೆ ತಾಗುವ ಆ ತೆಳ್ಳನೆಯ ಬೆತ್ತದ ರೀಡ್ ಕಂಪಿಸಲು ಶುರುವಾಗುವ ಗಳಿಗೆಯಲ್ಲಿ, ಬರಿಯ ಗಾಳಿಯ ಸದ್ದು ಕೇಳಿಸುತ್ತದೆ. ಆಮೇಲೆ ಸ್ವರ ತುಂಬಿಕೊಳ್ಳುತ್ತದೆ, ಕಂಪನ ಕೊನೆಯಲ್ಲಿ ಮಾತ್ರ ಸೇರುತ್ತದೆ. ಹಾಡುಗಾರರು ದೀರ್ಘ ಸ್ವರವನ್ನು ನಿಲ್ಲಿಸಿ, ಅದು ಹಣ್ಣಾದ ಮೇಲೆ ಅಲುಗಿಸುವಂತೆಯೇ ಇದು.

ಮೊದಲು ಯಾವ ಆಲ್ಬಮ್ ಕೇಳಬೇಕು?

2000ದಲ್ಲಿ ಅಮೆರಿಕದ ಹೆಸರಾಂತ ಜಾಝ್ ಧ್ವನಿಮುದ್ರಣ ಸಂಸ್ಥೆ ಬ್ಲೂ ನೋಟ್‌ನಿಂದ ಬಂದ, ಅವರ ಹೆಸರನ್ನೇ ಶೀರ್ಷಿಕೆಯಾಗಿ ಹೊತ್ತ 'ಸ್ತೆಫಾನೊ ದಿ ಬತ್ತೀಸ್ತಾ' ಆಲ್ಬಮ್. ಈ ಪ್ರಶ್ನೆಗೆ ನಾನು ಎಂದೂ ಬೇರೆ ಉತ್ತರ ಕೊಟ್ಟಿಲ್ಲ.

ಇದರಲ್ಲಿ ಡ್ರಮ್ಸ್ ನುಡಿಸಿದವರು ಎಲ್ವಿನ್ ಜೋನ್ಸ್. 1960ರ ದಶಕದಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಪ್ರಸಿದ್ಧ ಚತುರ್ವಾದ್ಯ ತಂಡದಲ್ಲಿ ಡ್ರಮ್ಸ್ ವಾದನದ ವ್ಯಾಕರಣವನ್ನೇ ಬದಲಿಸಿದ ಮಹನೀಯರು ಅವರು. ಈ ಆಲ್ಬಮ್ ಹೊತ್ತಿಗೆ ಅವರಿಗೆ 70 ದಾಟಿತ್ತು, ದಿ ಬತ್ತೀಸ್ತಾ ಅವರಿಗೆ ಇನ್ನೂ ಮೂವತ್ತರ ಆಸುಪಾಸು. ಪಿಯಾನೊದಲ್ಲಿ ಜಾಕಿ ತೆರಾಸ್ಸೊನ್, ಡಬಲ್ ಬಾಸ್‌ನಲ್ಲಿ ರೊಸಾರಿಯೊ ಬೊನಾಕೊರ್ಸೊ, ಟ್ರಂಪೆಟ್‌ನಲ್ಲಿ ಫ್ಲಾವಿಯೊ ಬೊಲ್ತ್ರೊ ಇದ್ದಾರೆ.

ಲಯದ ಕಿವಿ ಇರುವ ಕನ್ನಡದ ಕೇಳುಗರಿಗೆ ಎಲ್ವಿನ್ ಬೇಗ ಒಲಿಯುತ್ತಾರೆ ಎಂಬುದು ನನ್ನ ಅನುಭವ. ಸಾಮಾನ್ಯ ಡ್ರಮ್ಸ್ ವಾದಕರು ತಾಳವನ್ನು ತಾಳದ ತಟ್ಟೆಯ ಮೇಲೆ ಸಮನಾಗಿ ಇಡುತ್ತಾ ಹೋಗುತ್ತಾರೆ. ಎಲ್ವಿನ್ ಅದನ್ನು ಮೂರರ ಗುಂಪುಗಳಾಗಿ, ನಮ್ಮ ತಿಸ್ರ ನಡೆಯ ಹಾಗೆ, ಎಲ್ಲ ಡ್ರಮ್ಮುಗಳ ಮೇಲೂ ಹರಡಿ ಉರುಳಿಸುತ್ತಾರೆ. ಸಮ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ, ಆದರೆ ಕಾಲಪ್ರಮಾಣ ಎಳ್ಳಷ್ಟೂ ಕದಲುವುದಿಲ್ಲ. ಈ ಅಲೆಯ ಮೇಲೆ ನಿಲ್ಲುವ ಸ್ಯಾಕ್ಸೊಫೋನ್ ವಾದಕರಿಗೆ ಕೋಲ್ಟ್ರೇನ್ ಅವರಂತೆ ನುಡಿಸಿಬಿಡುವ ಆಸೆ ಬರುವುದು ಸಹಜ. ದಿ ಬತ್ತೀಸ್ತಾ ಆ ಆಸೆಗೆ ಬೀಳುವುದಿಲ್ಲ. ಕೆಳಗೆ ಅಷ್ಟೊಂದು ಅಬ್ಬರ ನಡೆದಿರುವಾಗಲೂ ಅವರು ಮಟ್ಟನ್ನು ಕೈಬಿಡದೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ನಡುವೆ ಉಸಿರಿಗೆ ಜಾಗ ಕೊಟ್ಟು ಮಾತನಾಡುತ್ತಾರೆ. ಅವರ ಎಲ್ಲ ಧ್ವನಿಮುದ್ರಿಕೆಗಳನ್ನೂ ಒಂದು ಎಳೆಯಲ್ಲಿ ಪೋಣಿಸುವ ಗುಣ ಇದೇ ಎಂದು ನಾನು ನಂಬಿದ್ದೇನೆ: ಮನೋಧರ್ಮ ಎಷ್ಟೇ ದೂರ ಹೋದರೂ ಮಟ್ಟು ಕಣ್ಮರೆಯಾಗುವುದಿಲ್ಲ. ಎಲ್ವಿನ್ ಜೋನ್ಸ್ 2004ರಲ್ಲಿ ತೀರಿಕೊಂಡರು.

ಅದಕ್ಕಿಂತ ಹಿಂದಿನ ಆಲ್ಬಮ್‌ಗಳು ಯಾವುವು?

ಎರಡು. 1997ರಲ್ಲಿ ಫ್ರಾನ್ಸಿನ ಆಮಿಯಾಂ ನಗರದ ಲೇಬಲ್ ಬ್ಲೂ ಸಂಸ್ಥೆಯಿಂದ ಬಂದ 'ವೊಲಾರೆ', ಮತ್ತು 1998ರಲ್ಲಿ ಬ್ಲೂ ನೋಟ್‌ಗಾಗಿ ಮಾಡಿದ 'ಆ ಪ್ರಿಮಾ ವಿಸ್ತಾ'. ವೊಲಾರೆ ಎಂದರೆ ಹಾರುವುದು. ಆ ಪ್ರಿಮಾ ವಿಸ್ತಾ ಎಂದರೆ ಮೊದಲ ನೋಟಕ್ಕೆ. ಬರೆದ ಸಂಗೀತವನ್ನು ಅಭ್ಯಾಸವಿಲ್ಲದೆ ಕಂಡ ಕೂಡಲೇ ನುಡಿಸುವುದಕ್ಕೂ ಸಂಗೀತಗಾರರು ಇದೇ ಮಾತನ್ನು ಬಳಸುತ್ತಾರೆ. ಎರಡರಲ್ಲೂ ಬೊಲ್ತ್ರೊ ಅವರ ಟ್ರಂಪೆಟ್ ಜೊತೆಗಿದೆ. ಇಬ್ಬರು ಗೆಳೆಯರು ಒಂದೇ ವಾಕ್ಯವನ್ನು ಒಟ್ಟಿಗೆ ಉಚ್ಚರಿಸುವಂತೆ ನುಡಿಸುವ ಜಾಗಗಳಿಗಾಗಿ ಇವುಗಳನ್ನು ಕೇಳಬೇಕು. ಎಲ್ವಿನ್ ಅವರೊಂದಿಗಿನ ಆಲ್ಬಮ್ ಕೇಳಿದ ಮೇಲೆ ಹಿಂದಕ್ಕೆ ಬಂದು ಇವನ್ನು ಕೇಳುವುದೇ ಸರಿಯಾದ ಕ್ರಮ.

ಮಿಶೆಲ್ ಪೆತ್ರುಚಿಯಾನಿ ಅವರೊಂದಿಗೆ ನುಡಿಸಿದ್ದಾರೆ ಎನ್ನುತ್ತಾರೆ. ಯಾವ ಧ್ವನಿಮುದ್ರಿಕೆಯಲ್ಲಿ?

'ಬೋತ್ ವರ್ಲ್ಡ್ಸ್' ಎಂಬ ಆಲ್ಬಮ್‌ನಲ್ಲಿ. 1997ರಲ್ಲಿ ಧ್ವನಿಮುದ್ರಣಗೊಂಡ ಇದನ್ನು ಡ್ರೇಫುಸ್ ಸಂಸ್ಥೆ ಹೊರತಂದಿತು. ಇಟಲಿಯ ಮೂಲದ ಕುಟುಂಬದಲ್ಲಿ, ಫ್ರಾನ್ಸಿನ ಓರಾಂಜ್ ಪಟ್ಟಣದಲ್ಲಿ ಹುಟ್ಟಿದ ಪೆತ್ರುಚಿಯಾನಿ ಅವರಿಗೆ ಮೂಳೆಗಳು ಸುಲಭವಾಗಿ ಮುರಿಯುವ ಹುಟ್ಟು ಕಾಯಿಲೆಯಿತ್ತು. ದೇಹ ಮೂರಡಿಯ ಆಸುಪಾಸಿನಲ್ಲೇ ನಿಂತುಹೋಗಿದ್ದರೂ ಪಿಯಾನೊ ಮುಂದೆ ಕೂತರೆ ಅವರ ಬೆರಳುಗಳ ಬಲಕ್ಕೆ ಎಲ್ಲೆ ಇರಲಿಲ್ಲ. ಅವರ ಷಡ್ವಾದ್ಯ ತಂಡದಲ್ಲಿ ದಿ ಬತ್ತೀಸ್ತಾ, ಬೊಲ್ತ್ರೊ, ಟ್ರೊಂಬೋನ್ ವಾದಕ ಬಾಬ್ ಬ್ರೂಕ್‌ಮೇಯರ್, ಬಾಸ್ ಗಿಟಾರ್ ವಾದಕ ಆಂಥನಿ ಜಾಕ್ಸನ್ ಮತ್ತು ಡ್ರಮ್ಸ್ ವಾದಕ ಸ್ಟೀವ್ ಗ್ಯಾಡ್ ಇದ್ದರು.

ಮೂರು ಊದುವ ವಾದ್ಯಗಳ ಜೋಡಣೆಯನ್ನು ಮಾಡಿಕೊಟ್ಟವರು ಬ್ರೂಕ್‌ಮೇಯರ್. ಕೆಳಗೆ ಟ್ರೊಂಬೋನಿನ ದಪ್ಪ ದನಿ, ನಡುವೆ ಟ್ರಂಪೆಟ್, ಮೇಲೆ ಸ್ಯಾಕ್ಸೊಫೋನ್ ಹೀಗೆ ಹೆಣೆದ ಕಡೆಗಳಲ್ಲಿ ದಿ ಬತ್ತೀಸ್ತಾ ಮುಂದಾಳಾಗದೆ, ಒಳ್ಳೆಯ ಪಕ್ಕವಾದ್ಯದವರಂತೆ, ಅಗತ್ಯವಿದ್ದಷ್ಟೇ ಮುಂದೆ ಬರುತ್ತಾರೆ. ಪೆತ್ರುಚಿಯಾನಿ 1999ರ ಜನವರಿಯಲ್ಲಿ, 36ನೇ ವಯಸ್ಸಿನಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಈ ತಂಡ ಇನ್ನೂ ಕೆಲವು ವರ್ಷ ಬಾಳಬೇಕಿತ್ತು ಎಂಬ ಕೊರಗು ಆ ಆಲ್ಬಮ್ ಮುಗಿದಾಗಲೆಲ್ಲ ನನಗೆ ಮರಳಿ ಬರುತ್ತದೆ.

'ರೌಂಡ್ ಅಬೌಟ್ ರೋಮಾ' ಬರೀ ಮಧುರ ಹಿನ್ನೆಲೆ ಸಂಗೀತವಲ್ಲವೇ?

ಹಾಗೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. 2002ರ ಈ ಆಲ್ಬಮ್‌ನಲ್ಲಿ ವಿನ್ಸ್ ಮೆಂಡೋಜಾ ಜೋಡಿಸಿಕೊಟ್ಟ ತಂತಿವಾದ್ಯಗಳ ದೊಡ್ಡ ಮೇಳವಿದೆ. ಪಿಟೀಲುಗಳು ಬಂದ ಕೂಡಲೇ ಜಾಝ್ ನೀರಾಯಿತು ಎಂದು ಭಾವಿಸುವ ಕೇಳುಗರು ಆಲ್ಟೊ ಸ್ಯಾಕ್ಸೊಫೋನಿನ ದಿಗ್ಗಜ, ಅಮೆರಿಕದ ಚಾರ್ಲಿ ಪಾರ್ಕರ್ 1949ರಲ್ಲೇ ತಂತಿವಾದ್ಯಗಳೊಂದಿಗೆ ಧ್ವನಿಮುದ್ರಣ ಮಾಡಿದ್ದರೆಂಬುದನ್ನು ನೆನೆಯಬೇಕು. ಮೆಂಡೋಜಾ ಅವರ ಜಾಣ್ಮೆ ಇರುವುದು ಅವರು ಸುಮ್ಮನಿರುವ ಕಡೆಗಳಲ್ಲಿ. ಸ್ಯಾಕ್ಸೊಫೋನ್ ಮಾತಾಡುವಾಗ ಮೇಳ ಹಿಂದೆ ಸರಿದು ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ, ಸ್ಯಾಕ್ಸೊಫೋನ್ ಉಸಿರೆಳೆದುಕೊಳ್ಳುವ ಹೊತ್ತಿಗೆ ಮಾತ್ರ ಚಲಿಸುತ್ತದೆ. ಒಂದೆರಡು ಕಡೆ ಮಾಧುರ್ಯ ಅತಿಯಾಯಿತು ಎನಿಸುವುದುಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ದಿ ಬತ್ತೀಸ್ತಾ ಅವರ ದೀರ್ಘ ಸ್ವರವನ್ನು ಇಷ್ಟು ತಾಳ್ಮೆಯಿಂದ ಕೇಳಿಸುವ ಇನ್ನೊಂದು ಆಲ್ಬಮ್ ಇಲ್ಲ.

ಚಾರ್ಲಿ ಪಾರ್ಕರ್ ಅವರದನ್ನೇ ಮತ್ತೆ ನುಡಿಸುವುದರಲ್ಲಿ ಏನು ಹೊಸತು?

2004ರ 'ಪಾರ್ಕರ್ಸ್ ಮೂಡ್' ಆಲ್ಬಮ್ ಬಗ್ಗೆ ಬರುವ ಪ್ರಶ್ನೆ ಇದು, ಬರಬೇಕಾದದ್ದೇ. ಪಿಯಾನೊದಲ್ಲಿ ಕೆನ್ನಿ ಬ್ಯಾರನ್, ಡ್ರಮ್ಸ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಹರ್ಲಿನ್ ರೈಲಿ, ಬಾಸ್‌ನಲ್ಲಿ ಮತ್ತೆ ಬೊನಾಕೊರ್ಸೊ. ಆಲ್ಟೊ ಹಿಡಿದ ಯಾರಿಗೇ ಆಗಲಿ ಪಾರ್ಕರ್ ದಾಟಲೇಬೇಕಾದ ಹೊಳೆ. ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುವವರನ್ನು 'ಇದರಲ್ಲಿ ಹೊಸತೇನು' ಎಂದು ನಾವು ಕೇಳುವುದಿಲ್ಲವಲ್ಲ. ಹೇಗೆ ಹಾಡಿದರು ಎಂದು ಕೇಳುತ್ತೇವೆ.

ಶೀರ್ಷಿಕೆಯ ರಚನೆಯನ್ನೇ ನೋಡಿ. ಪಾರ್ಕರ್ ಅದನ್ನು ಧ್ವನಿಮುದ್ರಿಸಿದ್ದು 1948ರಲ್ಲಿ. ಅದು ನಿಧಾನ ಗತಿಯ ಬ್ಲೂಸ್, ಅಂದರೆ 12 ಆವರ್ತನಗಳ ಒಂದು ಸುತ್ತು. ಆ ಸುತ್ತಿನಲ್ಲಿ ಸ್ವರಮೇಳಗಳು, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳು, ಗೊತ್ತಾದ ಕ್ರಮದಲ್ಲಿ ಬದಲಾಗುತ್ತವೆ, ಸುತ್ತು ಮುಗಿದ ಕೂಡಲೇ ಮೊದಲಿಗೆ ಬರುತ್ತದೆ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಜಾಝ್‌ನಲ್ಲಿ ದಾರಿ ತಪ್ಪುವುದು ಇಲ್ಲಿಯೇ: ನಮಗೆ ಷಡ್ಜ ಕದಲುವುದಿಲ್ಲ, ಅವರಲ್ಲಿ ಸ್ವರದ ಕೆಳಗಿನ ನೆಲವೇ ಬದಲಾಗುತ್ತಾ ಹೋಗುತ್ತದೆ. ಒಂದೇ ಸ್ವರ ಒಂದು ಆವರ್ತನದಲ್ಲಿ ನೆಮ್ಮದಿಯಾಗಿಯೂ ಮುಂದಿನದರಲ್ಲಿ ಕಾತರವಾಗಿಯೂ ಕೇಳಿಸುತ್ತದೆ. ಹನ್ನೆರಡನ್ನು ಬೆರಳಿನಲ್ಲಿ ಎಣಿಸುತ್ತಾ ಎರಡು ಮೂರು ಸುತ್ತು ಕೇಳಿದರೆ ಸಾಕು, ಆಮೇಲೆ ಎಣಿಸಬೇಕಾಗಿಲ್ಲ. ಬ್ಯಾರನ್ ಅವರ ಎಡಗೈ ಪ್ರತಿ ತಿರುವನ್ನೂ ಮೆಲ್ಲಗೆ ಸೂಚಿಸುತ್ತಾ ಹೋಗುವುದರಿಂದ ಈ ಅಭ್ಯಾಸಕ್ಕೆ ಈ ಆಲ್ಬಮ್ ಹೇಳಿ ಮಾಡಿಸಿದ್ದು.

ಪಾರ್ಕರ್ ಅವರ ವೇಗವನ್ನು ದಿ ಬತ್ತೀಸ್ತಾ ಮುಟ್ಟಬಲ್ಲರು ಎಂಬುದು ಇಲ್ಲಿ ನಿಸ್ಸಂದೇಹ. ನನಗೆ ಹೆಚ್ಚು ಪ್ರಿಯವಾದದ್ದು ನಿಧಾನದ ರಚನೆಗಳೇ.

ಪಾರ್ಕರ್ ಅವರನ್ನು ಪೂರ್ತಿ ಬೇರೆ ಬಗೆಯಲ್ಲಿ ನೆನೆದ ಇನ್ನೊಬ್ಬ ಆಲ್ಟೊ ವಾದಕರನ್ನು ಇಲ್ಲಿಯೇ ಹೆಸರಿಸಬೇಕು. ಕನ್ನಡ ಮನೆತನದ ರುದ್ರೇಶ್ ಮಹಾಂತಪ್ಪ ಹುಟ್ಟಿದ್ದು ಇಟಲಿಯ ತ್ರಿಯೆಸ್ತೆಯಲ್ಲಿ, ಬೆಳೆದದ್ದು ಅಮೆರಿಕದಲ್ಲಿ. 2008ರಲ್ಲಿ ಕದ್ರಿ ಗೋಪಾಲನಾಥ್ ಅವರೊಂದಿಗೆ 'ಕಿನ್ಸ್‌ಮೆನ್' ಎಂಬ ಆಲ್ಬಮ್ ಮಾಡಿದ ಅವರು 2015ರ 'ಬರ್ಡ್ ಕಾಲ್ಸ್'ನಲ್ಲಿ ಪಾರ್ಕರ್ ಅವರ ವಾಕ್ಯಗಳನ್ನು ಬಿಡಿಸಿ, ಅವುಗಳಿಂದ ಹೊಸ ರಚನೆಗಳನ್ನು ಕಟ್ಟಿದ್ದಾರೆ. ದಿ ಬತ್ತೀಸ್ತಾ ಇದ್ದುದನ್ನು ಇದ್ದಂತೆ ಪ್ರೀತಿಸುತ್ತಾರೆ, ಮಹಾಂತಪ್ಪ ಅದನ್ನು ಬಿಚ್ಚಿ ನೋಡುತ್ತಾರೆ. ಎರಡನ್ನೂ ಒಂದೇ ಸಂಜೆ ಕೇಳಿದರೆ ಒಂದೇ ಗುರುವಿನ ಇಬ್ಬರು ಶಿಷ್ಯರ ಕಛೇರಿ ಕೇಳಿದಂತಾಗುತ್ತದೆ.

'ಟ್ರಬಲ್ ಶೂಟಿನ್' ಹೇಗಿದೆ?

2007ರ ಈ ಆಲ್ಬಮ್ 1960ರ ದಶಕದ ಬ್ಲೂ ನೋಟ್ ಧ್ವನಿಗೆ ಹತ್ತಿರ. ಹ್ಯಾಮಂಡ್ ಆರ್ಗನ್ ಇದೆ, ರಸೆಲ್ ಮಲೋನ್ ಅವರ ಗಿಟಾರ್ ಇದೆ, ಫಾಬ್ರಿಜಿಯೊ ಬೊಸ್ಸೊ ಅವರ ಟ್ರಂಪೆಟ್ ಇದೆ. ಕಾಲು ತಾನಾಗಿ ತಾಳ ಹಾಕುತ್ತದೆ. ಜಾಝ್ ಒಗ್ಗದ ಮನೆಯವರ ಜೊತೆ ಕೂತು ಕೇಳುವುದಕ್ಕೆ ಇದು ಸುಲಭದ ಆಯ್ಕೆ.

'ವುಮನ್ಸ್ ಲ್ಯಾಂಡ್' ಎಂಬ ಹೆಸರು ಏಕೆ?

ಅದರ ಒಂದೊಂದು ರಚನೆಯೂ ಒಬ್ಬೊಬ್ಬ ಹೆಣ್ಣಿನ ಹೆಸರಿನಲ್ಲಿದೆ. ನಟಿ ಆನ್ನಾ ಮಾನ್ಯಾನಿ, ಗಾಯಕಿ ಎಲ್ಲಾ ಫಿಟ್ಜೆರಾಲ್ಡ್, ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವಲೆಂತಿನಾ ತೆರೆಶ್ಕೋವಾ, ನರಕೋಶಗಳ ಬೆಳವಣಿಗೆಯ ಸಂಶೋಧನೆಗೆ 1986ರಲ್ಲಿ ನೊಬೆಲ್ ಪಡೆದ ರೀತಾ ಲೆವಿ ಮೊಂತಾಲ್ಚಿನಿ, ಇವರ ಸಾಲಿನಲ್ಲಿ ವಿಡಿಯೊ ಆಟದ ನಾಯಕಿ ಲಾರಾ ಕ್ರಾಫ್ಟ್ ಕೂಡ ಇದ್ದಾಳೆ. 2011ರ ಈ ಆಲ್ಬಮ್ ಬಂದಾಗ ಲೆವಿ ಮೊಂತಾಲ್ಚಿನಿ ನೂರು ದಾಟಿದ್ದರು, ಇನ್ನೂ ಬದುಕಿದ್ದರು. ಬೇರೆಯವರ ಮಟ್ಟುಗಳನ್ನು ಗೌರವಿಸುವ ದಿ ಬತ್ತೀಸ್ತಾ ಮಟ್ಟು ಕಟ್ಟುವವರಾಗಿ ಎಷ್ಟು ಪಳಗಿದ್ದಾರೆ ಎಂಬುದು ತಿಳಿಯಬೇಕಾದರೆ ಇದನ್ನು ಕೇಳಬೇಕು. ಡ್ರಮ್ಸ್‌ನಲ್ಲಿ ಜೆಫ್ ಬಲಾರ್ಡ್, ಗಿಟಾರ್‌ನಲ್ಲಿ ಜೊನಾಥನ್ ಕ್ರೈಸ್‌ಬರ್ಗ್ ಇದ್ದಾರೆ.

ಸಿನಿಮಾ ಸಂಗೀತವನ್ನು ಜಾಝ್ ಮಾಡಿದ 'ಮೊರಿಕೋನೆ ಸ್ಟೋರೀಸ್' ಬಗ್ಗೆ ಹೇಳುವಿರಾ?

ಇದರ ಬಗ್ಗೆ ಹೇಳಲು ನನಗೆ ಬಹಳವಿದೆ. ಎನ್ನಿಯೊ ಮೊರಿಕೋನೆ ರೋಮ್‌ನಲ್ಲೇ 1928ರಲ್ಲಿ ಹುಟ್ಟಿ, ರೋಮ್‌ನಲ್ಲೇ 2020ರ ಜುಲೈನಲ್ಲಿ ತೀರಿಕೊಂಡರು. ಆಲ್ಬಮ್ ಬಂದದ್ದು 2021ರಲ್ಲಿ, ವಾರ್ನರ್ ಸಂಸ್ಥೆಯಿಂದ. ಪಿಯಾನೊದಲ್ಲಿ ಫ್ರೆಡ್ ನಾರ್ದಾಂ, ಬಾಸ್‌ನಲ್ಲಿ ದಾನಿಯೆಲೆ ಸೊರೆಂತೀನೊ, ಡ್ರಮ್ಸ್‌ನಲ್ಲಿ ಆಂದ್ರೆ ಚೆಕ್ಕರೆಲ್ಲಿ. ನಾಲ್ಕೇ ಜನ.

ಈ 'ನಾಲ್ಕೇ ಜನ' ಎಂಬುದೇ ಇಲ್ಲಿನ ದೊಡ್ಡ ಸವಾಲು. ಮೊರಿಕೋನೆ ಅವರ ಸಿನಿಮಾ ಸಂಗೀತದಲ್ಲಿ ವಾದ್ಯದ ಬಣ್ಣವೇ ಅರ್ಧ ಕಥೆ. 1966ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಚಿತ್ರದಲ್ಲಿ ತೋಳದ ಊಳಿನಂತಹ ಆ ಎರಡು ಸ್ವರಗಳ ಮಟ್ಟನ್ನು ಒಬ್ಬ ಪಾತ್ರಕ್ಕೆ ಕೊಳಲಿನಲ್ಲಿ, ಇನ್ನೊಬ್ಬನಿಗೆ ಮಣ್ಣಿನ ಊದುವಾದ್ಯ ಒಕರಿನಾದಲ್ಲಿ, ಮತ್ತೊಬ್ಬನಿಗೆ ಮನುಷ್ಯರ ಕಂಠದಲ್ಲಿ ಕೊಟ್ಟಿದ್ದರು. ಇಲ್ಲಿ ಅಷ್ಟನ್ನೂ ಒಂದೇ ಊದುವ ವಾದ್ಯವಿರುವ ತಂಡ ಹೊರಬೇಕು. 1986ರ 'ದಿ ಮಿಷನ್' ಚಿತ್ರಕ್ಕಾಗಿ ಬರೆದ 'ಗೇಬ್ರಿಯಲ್ಸ್ ಓಬೊ' ಕೂಡ ಹಾಗೆಯೇ. ಓಬೊ ನಮ್ಮ ನಾಗಸ್ವರದಂತೆ ಎರಡು ಪದರದ ರೀಡಿನ ವಾದ್ಯ, ಅದರ ದನಿಗೆ ಕೊರಳು ಕಟ್ಟಿದಂಥ ಒಂದು ಬಿಗಿ ಇರುತ್ತದೆ. ಸ್ಯಾಕ್ಸೊಫೋನಿಗೆ ಇರುವುದು ಒಂದೇ ಪದರದ ರೀಡ್, ಅದರ ದನಿ ಸಡಿಲ ಮತ್ತು ಬೆಚ್ಚಗಿನದು. ಆ ಬಿಗಿ ಇಲ್ಲದೆ ಈ ಮಟ್ಟು ನಿಲ್ಲುತ್ತದೆಯೇ ಎಂದು ನಾನು ಅನುಮಾನದಿಂದಲೇ ಕೇಳಿದೆ. ಅದು ನಿಂತಿತು. ಅಲಂಕಾರ ಸೇರಿಸುವ ಅವಕಾಶವಿದ್ದ ಕಡೆಯಲ್ಲೆಲ್ಲ ದಿ ಬತ್ತೀಸ್ತಾ ಕೈಕಟ್ಟಿ ನಿಂತು ಮಟ್ಟನ್ನೇ ಮಾತಾಡಲು ಬಿಟ್ಟದ್ದರಿಂದ ನಿಂತಿತು.

ಆಲ್ಬಮ್‌ನಲ್ಲಿ ಜಗತ್ಪ್ರಸಿದ್ಧ ಮಟ್ಟುಗಳಿಗಿಂತ ಇಟಲಿ ಮತ್ತು ಫ್ರಾನ್ಸಿನಾಚೆ ಅಷ್ಟಾಗಿ ಕೇಳದ ಚಿತ್ರಗಳ ಮಟ್ಟುಗಳೇ ಹೆಚ್ಚಿರುವುದು ನನಗೆ ಸಂತೋಷ ಕೊಟ್ಟ ಸಂಗತಿ. ಜೊತೆಗೆ 'ಫ್ಲೋರಾ' ಎಂಬ ರಚನೆಯಿದೆ. ಅದು ಯಾವ ಸಿನಿಮಾದ್ದೂ ಅಲ್ಲ, ಮೊರಿಕೋನೆ ದಿ ಬತ್ತೀಸ್ತಾ ಅವರಿಗಾಗಿಯೇ ಬರೆದುಕೊಟ್ಟದ್ದು. ಅಷ್ಟು ದೊಡ್ಡ ಸಂಯೋಜಕರು ಒಬ್ಬ ವಾದಕನ ದನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸ್ವರಗಳು ಎಂಬ ತಿಳಿವಳಿಕೆಯೊಂದಿಗೆ ಅದನ್ನು ಕೇಳಿ.

ಇದಕ್ಕೂ ಮೊದಲು, 2014ರಲ್ಲಿ, ಫ್ರಾನ್ಸಿನ ಗಿಟಾರ್ ವಾದಕ ಸಿಲ್ವಾಂ ಲ್ಯುಕ್ ಅವರೊಡನೆ ಮಾಡಿದ 'ಜು ಲಾ ತೆಸ್ತಾ' ಆಲ್ಬಮ್‌ನಲ್ಲೂ ಮೊರಿಕೋನೆ ಅವರ ನೆನಪಿದೆ. ಶೀರ್ಷಿಕೆಯೇ ಅವರು ಸಂಗೀತ ಕೊಟ್ಟ 1971ರ ಚಿತ್ರದ್ದು.

2024ರ 'ಲಾ ದೋಲ್ಚೆ ವೀತಾ' ಜಾಝ್ ಎನ್ನಬಹುದೇ?

ಎನ್ನಬಹುದು. ಇದು ಇಟಲಿಯ ಜನ ಬಾಯಿಪಾಠವಾಗಿ ಬಲ್ಲ ಹಾಡುಗಳ ಆಲ್ಬಮ್. ನಿರ್ದೇಶಕ ಫೆಲಿನಿ ಅವರ ಚಿತ್ರಕ್ಕೆ ನೀನೊ ರೋತಾ ಕಟ್ಟಿದ ಸಂಗೀತ, ನೇಪಲ್ಸ್‌ನ ರೆನಾತೊ ಕಾರೊಸೋನೆ ಅವರ ತಮಾಷೆಯ ಹಾಡು, ಪಾವ್ಲೊ ಕೊಂತೆ ಮತ್ತು ಲೂಚಿಯೊ ದಾಲ್ಲಾ ಅವರ ಹಾಡುಗಳು ಇಲ್ಲಿ ಸ್ಯಾಕ್ಸೊಫೋನ್ ಮತ್ತು ಮತ್ತೆಯೊ ಕುತೆಲ್ಲೊ ಅವರ ಟ್ರಂಪೆಟ್‌ಗೆ ಬಂದಿವೆ. ಅಮೆರಿಕದ ಜಾಝ್ ವಾದಕರು ತಮ್ಮ ನಾಟಕ ಮತ್ತು ಸಿನಿಮಾದ ಹಾಡುಗಳ ಮೇಲೆಯೇ ಇಡೀ ಪರಂಪರೆಯನ್ನು ಕಟ್ಟಿದರು. ಇಟಲಿಯವರು ತಮ್ಮ ಹಾಡುಗಳ ಮೇಲೆ ಕಟ್ಟಿದರೆ ಅದನ್ನು ಕಡಿಮೆಯೆಂದು ಎಣಿಸುವುದು ನ್ಯಾಯವಲ್ಲ. ಆದರೂ ಎಲ್ವಿನ್ ಅವರೊಂದಿಗಿನ ಆಲ್ಬಮ್‌ನ ಅಪಾಯದ ಅಂಚು ಇದರಲ್ಲಿ ಇಲ್ಲ ಎಂಬುದನ್ನು ಒಪ್ಪುತ್ತೇನೆ.

ಹಾಡುಗಾರ್ತಿಯೊಂದಿಗೆ ಸ್ಪರ್ಧೆಯೊಂದರಲ್ಲಿ ನುಡಿಸಿದವರು ಇವರೇ ಏನು?

ಹೌದು. ಇಟಲಿಯ ಸಾನ್‌ರೆಮೊ ಹಾಡಿನ ಉತ್ಸವದಲ್ಲಿ 2005ರಲ್ಲಿ ಗಾಯಕಿ ನಿಕಿ ನಿಕೊಲಾಯ್ ಅವರೊಂದಿಗೆ ತಮ್ಮ ಚತುರ್ವಾದ್ಯ ತಂಡವನ್ನು ಕರೆದುಕೊಂಡು ವೇದಿಕೆಗೆ ಬಂದು, ತಂಡಗಳ ವಿಭಾಗದಲ್ಲಿ ಗೆದ್ದರು. ಜಾಝ್ ಕೇಳುಗರು ಇದನ್ನು ಬಿಟ್ಟು ಮುಂದೆ ಹೋದರೂ ನಷ್ಟವಿಲ್ಲ.

ಹುಡುಕಿದರೆ ಪಿಯಾನೊ ಆಲ್ಬಮ್‌ಗಳು ಬರುತ್ತಿವೆಯಲ್ಲ?

ಇಟಲಿಯ ಜಾಝ್‌ನಲ್ಲಿ ಸ್ತೆಫಾನೊ ಎಂಬ ಹೆಸರಿನವರು ಹಲವರಿದ್ದಾರೆ. ಸ್ತೆಫಾನೊ ಬೊಲ್ಲಾನಿ ಮತ್ತು ಸ್ತೆಫಾನೊ ಬತ್ತಾಲ್ಯಾ ಇಬ್ಬರೂ ಒಳ್ಳೆಯ ಪಿಯಾನೊ ವಾದಕರು, ಇಬ್ಬರ ಹೆಸರೂ 'ಬ' ಅಕ್ಷರದಿಂದಲೇ ಮುಂದುವರಿಯುತ್ತದೆ. ನನ್ನ ಮೊಬೈಲಿನ ಪ್ಲೇಲಿಸ್ಟ್‌ನಲ್ಲಿ ಬಹುಕಾಲ ಬತ್ತಾಲ್ಯಾ ಅವರ ಆಲ್ಬಮ್ ಒಂದು ದಿ ಬತ್ತೀಸ್ತಾ ಅವರ ಸಾಲಿನಲ್ಲಿ ಸೇರಿಕೊಂಡಿತ್ತು. ಪೂರ್ತಿ ಹೆಸರಿನ ಜೊತೆ ಆಲ್ಬಮ್‌ನ ಹೆಸರನ್ನೂ ಸೇರಿಸಿ ಹುಡುಕಿದರೆ ಈ ತೊಂದರೆ ಇರುವುದಿಲ್ಲ.

ಮೊಬೈಲ್ ಸ್ಪೀಕರಿನಲ್ಲಿ ಕೇಳಿದರೆ ಸಾಲದೇ?

ಸ್ಯಾಕ್ಸೊಫೋನ್ ಕೇಳಿಸುತ್ತದೆ, ಬಾಸ್ ಕೇಳಿಸುವುದಿಲ್ಲ. 2000ದ ಆಲ್ಬಮ್ ಅನ್ನೇ ಒಮ್ಮೆ ಮೊಬೈಲಿನಲ್ಲಿ, ಒಮ್ಮೆ ಹೆಡ್‌ಫೋನಿನಲ್ಲಿ ಕೇಳಿ ನೋಡಿ. ಮೊದಲ ಸಲ ಎಲ್ವಿನ್ ಮತ್ತು ದಿ ಬತ್ತೀಸ್ತಾ ಇಬ್ಬರೇ ಇದ್ದಂತಿರುತ್ತದೆ. ಎರಡನೆಯ ಸಲ ಅವರಿಬ್ಬರ ನಡುವೆ ಬೊನಾಕೊರ್ಸೊ ಅವರ ಬೆರಳು ದಪ್ಪ ತಂತಿಯನ್ನು ಎಳೆದು ಬಿಡುವ ಸದ್ದು, ಮರದ ಒಡಲಿನ ಗುಂಯ್ ಎಂಬ ಮೊಳಗು, ಒಂದು ಸ್ವರದಿಂದ ಇನ್ನೊಂದಕ್ಕೆ ಎಡಗೈ ಸರಿಯುವ ಸಣ್ಣ ಉಜ್ಜಾಟ ಎಲ್ಲವೂ ಕಿವಿಗೆ ಬೀಳುತ್ತವೆ, ಮತ್ತು ಸ್ಯಾಕ್ಸೊಫೋನ್ ಅಷ್ಟು ನಿರಾಳವಾಗಿ ವಾಕ್ಯಗಳ ನಡುವೆ ಸುಮ್ಮನಿರುವುದು ಯಾರನ್ನು ನಂಬಿ ಎಂಬುದು ಗೊತ್ತಾಗುತ್ತದೆ.